ಪಾವಗಡದ ಹುಡುಗಿ ಯಾಕೆ ಬಾಯಿ ಮುಚ್ಚಿ ನಗಬೇಕು?

ಪಾವಗಡ ಸೀಮೆಯ ಹೆಣ್ಣುಮಕ್ಕಳನ್ನು ಕಂಡವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ನಗು ಬಂದರೆ ಎಷ್ಟೋ ಜನರ ಕೈ ಮೊದಲು ಬಾಯಿಗೆ ಹೋಗುತ್ತದೆ. ಸೆರಗಿದ್ದರೆ ಸೆರಗು, ದುಪಟ್ಟಾ ಇದ್ದರೆ ದುಪಟ್ಟಾ, ಏನೂ ಇಲ್ಲದಿದ್ದರೆ ಅಂಗೈ. ಹೊರಗಿನಿಂದ ವರ್ಗವಾಗಿ ಬಂದ ಮೇಷ್ಟ್ರುಗಳು, ಬ್ಯಾಂಕಿನವರು ಇದನ್ನು ನಾಚಿಕೆ ಅಂದುಕೊಳ್ಳುತ್ತಾರೆ. ಹಳ್ಳಿ ಹುಡುಗಿಯರದು ಎಂಥಾ ನಯ ವಿನಯ ಅಂತ ಮೆಚ್ಚಿಕೊಳ್ಳುವವರೂ ಇದ್ದಾರೆ. ಅದು ನಾಚಿಕೆಯೂ ಅಲ್ಲ, ವಿನಯವೂ ಅಲ್ಲ ಸ್ವಾಮಿ. ಅದು ಬೋರ್‌ವೆಲ್ ನೀರು.

ಕೈ ತೆಗೆದರೆ ಕಾಣುವುದು ಹಳದಿ, ಕಂದು, ಅಲ್ಲಲ್ಲಿ ಸುಣ್ಣ ಬಳಿದಂಥ ಬಿಳಿ ಪಟ್ಟೆ. ಕೆಲವರ ಹಲ್ಲಿನಲ್ಲಿ ಸಣ್ಣ ಸಣ್ಣ ಗುಳಿ. ಇವರಲ್ಲಿ ಎಲೆಯಡಿಕೆ ಹಾಕುವವರಿಲ್ಲ, ಹೊಗೆಸೊಪ್ಪು ಮುಟ್ಟಿದವರಿಲ್ಲ. ಬೆಳಿಗ್ಗೆ ಸಂಜೆ ಎರಡು ಹೊತ್ತು ಹಲ್ಲುಜ್ಜುವವರೂ ಇದ್ದಾರೆ. ಆದರೂ ನೋಡಿದವರು ಅನ್ನುವುದು ಒಂದೇ ಮಾತು: ‘ಹಲ್ಲುಜ್ಜಲ್ವೇನಮ್ಮಾ?’

ಗಂಡಿಗೆ ಮೀಸೆಯ ಮರೆ

ಹೆಣ್ಣು ನೋಡುವ ಶಾಸ್ತ್ರದಲ್ಲಿ ಈ ಮಾತು ಬೇರೆ ರೂಪ ತಾಳುತ್ತದೆ. ಉಪ್ಪಿಟ್ಟು ಕೇಸರಿಬಾತು ತಿಂದು, ಕಾಫಿ ಕುಡಿದು, ‘ಊರಿಗೆ ಹೋಗಿ ಹೇಳಿ ಕಳಿಸ್ತೀವಿ’ ಅಂತ ಹೋದವರು ಹೇಳಿ ಕಳಿಸುವುದು ದಲ್ಲಾಳಿಯ ಬಾಯಲ್ಲಿ. ‘ಹುಡುಗಿ ಲಕ್ಷಣವಾಗವಳೆ, ಓದೂ ಐತೆ. ಹಲ್ಲೊಂದು ಸರಿ ಮಾಡಿಸಿಬಿಡಿ, ಆಮೇಲೆ ಮಾತಾಡಾನ’ ಅನ್ನುತ್ತಾನೆ ಅವನು. ಹುಡುಗಿಯ ಅಪ್ಪ ತಲೆ ಬಗ್ಗಿಸಿ ಕೇಳಿಸಿಕೊಳ್ಳುತ್ತಾನೆ. ಚಿನ್ನ ಇಷ್ಟು, ಛತ್ರದ ಖರ್ಚು ಇಷ್ಟು ಅನ್ನುವ ಪಟ್ಟಿಗೆ ಹಲ್ಲಿನ ಖರ್ಚೂ ಸೇರುತ್ತದೆ.

ತಮಾಷೆಯೆಂದರೆ, ನೋಡಲು ಬಂದ ಗಂಡೂ ಇದೇ ಸೀಮೆಯವನಾದರೆ ಅವನ ಹಲ್ಲಿನ ಬಣ್ಣವೂ ಬಹಳ ಸಲ ಇದೇ ಆಗಿರುತ್ತದೆ. ಆದರೆ ಅವನಿಗೆ ಮೀಸೆಯಿದೆ, ಅದರ ಮರೆಯಿದೆ. ಅದಕ್ಕಿಂತ ಹೆಚ್ಚಾಗಿ, ಗಂಡಿನ ಹಲ್ಲು ಎಣಿಸುವ ಪದ್ಧತಿ ನಮ್ಮಲ್ಲಿಲ್ಲ. ದನದ ಜಾತ್ರೆಯಲ್ಲಿ ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಹೆಣ್ಣಿಗೆ ಅಷ್ಟು ಮಾಡುವುದಿಲ್ಲ. ಒಂದು ಮಾತು ಕೇಳಿ ನಗಿಸಿ ನೋಡುತ್ತಾರೆ. ವ್ಯತ್ಯಾಸ ಅಷ್ಟೇ.

ಈಗ ಪೇಟೆಯಲ್ಲಿ ಹಲ್ಲಿನ ದವಾಖಾನೆಗಳು ಬೇಕಾದಷ್ಟಿವೆ. ಬೋರ್ಡಿನ ತುಂಬ ಸಿನಿಮಾ ತಾರೆಯರಂಥ ಬಾಯಿಗಳು. ‘ಸ್ಮೈಲ್ ಡಿಸೈನ್’ ಅಂತ ಹೊಸ ಮಾತೊಂದು ಬಂದಿದೆ. ನಗುವಿಗೂ ನಕ್ಷೆ! ಒಳ್ಳೆಯ ಡಾಕ್ಟರುಗಳು ಇದ್ದಾರೆ, ನಿಧಾನವಾಗಿ ಕೂರಿಸಿ ತಿಳಿಸಿ ಹೇಳುವವರಿದ್ದಾರೆ. ‘ಮದುವೆ ಯಾವಾಗ?’ ಅಂತ ಮೊದಲು ಕೇಳಿ, ಆಮೇಲೆ ಬಾಯಿ ನೋಡುವವರೂ ಇದ್ದಾರೆ. ಅಪ್ಪನ ಅವಸರ, ಹುಡುಗಿಯ ಅವಮಾನ, ದವಾಖಾನೆಯ ಬಾಡಿಗೆ ಮೂರೂ ಒಂದೇ ಕಡೆ ಸೇರಿದಾಗ ಒಳ್ಳೆಯ ಹಲ್ಲಿಗೂ ಕೇಡು ಬರುತ್ತದೆ. ಅದಕ್ಕೇ ಮೊದಲು ತಿಳಿದುಕೊಳ್ಳಬೇಕಾದ್ದು ರೋಗ ಯಾವುದು, ಮದ್ದು ಯಾವುದು ಅನ್ನುವುದನ್ನ.

ಕಲೆ ಮೇಲಿನದಲ್ಲ, ಒಳಗಿನದು

ನೆಲದ ಕೆಳಗಿನ ಬಂಡೆಯಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ನೀರು ಆ ಬಂಡೆಯ ಬಿರುಕಿನಲ್ಲಿ ಎಷ್ಟು ಕಾಲ ನಿಂತಿರುತ್ತದೋ ಅಷ್ಟು ಫ್ಲೋರೈಡ್ ಅದರಲ್ಲಿ ಕರಗುತ್ತದೆ. ತೆರೆದ ಬಾವಿ, ಕೆರೆಯ ನೀರು ಕುಡಿಯುತ್ತಿದ್ದ ಕಾಲದಲ್ಲಿ ತೊಂದರೆ ಕಡಿಮೆಯಿತ್ತು. ಕೆರೆ ಬತ್ತಿ, ಬಾವಿ ಬತ್ತಿ, ಕೊಳವೆ ಆಳಕ್ಕೆ ಆಳಕ್ಕೆ ಇಳಿದ ಹಾಗೆ ಹಳೆಯ ನೀರು ಮೇಲೆ ಬಂತು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ಗತಿಯೇ ಇಲ್ಲದಿದ್ದರೆ 1.5ರ ತನಕ ನಡೆದೀತು ಅನ್ನುತ್ತದೆ ಭಾರತೀಯ ಮಾನಕ. ಪಾವಗಡದ ಎಷ್ಟೋ ಬೋರ್‌ವೆಲ್‌ಗಳು ಈ ಗೆರೆಯನ್ನು ಯಾವತ್ತೋ ದಾಟಿವೆ.

ಇದು ಪಾವಗಡಕ್ಕೆ ಮಾತ್ರ ಬಂದ ಕಷ್ಟವಲ್ಲ. 1901ರಲ್ಲಿ ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್ ಊರಿಗೆ ಫ್ರೆಡರಿಕ್ ಮೆಕೇ ಅನ್ನುವ ಹೊಸ ದಂತವೈದ್ಯ ಬಂದ. ಊರ ಮಕ್ಕಳ ಹಲ್ಲೆಲ್ಲ ಕಂದು. ಕಾರಣ ಹುಡುಕುತ್ತ ಅವನು ವರ್ಷಾನುಗಟ್ಟಲೆ ಅಲೆದ. ನೀರಿನಲ್ಲಿರುವ ಫ್ಲೋರೈಡೇ ಕಾರಣ ಅಂತ ಗೊತ್ತಾಗಿದ್ದು 1931ರಲ್ಲಿ, ಚರ್ಚಿಲ್ ಅನ್ನುವ ಒಬ್ಬ ರಸಾಯನ ತಜ್ಞ ನೀರು ಪರೀಕ್ಷೆ ಮಾಡಿದ ಮೇಲೆ. ಫ್ಲೋರೈಡಿನಿಂದ ಮೂಳೆ ಸೆಟೆದು ಬೆನ್ನು ಬಾಗಿದವರ ಸಂಗತಿ ನಮ್ಮ ದೇಶದಲ್ಲಿ ಬೆಳಕಿಗೆ ಬಂದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಅಂದರೆ ಗೊತ್ತಿಲ್ಲದೆ ಆದ ತಪ್ಪು ಅಂತ ಯಾವ ಸರ್ಕಾರವೂ ಹೇಳುವ ಹಾಗಿಲ್ಲ. ಪಾವಗಡದಲ್ಲಿ ಮೊದಲ ಕೊಳವೆ ಬಾವಿ ಕೊರೆಯುವ ಮುಂಚೆಯೇ ಪುಸ್ತಕದಲ್ಲಿ ಇದ್ದ ವಿಷಯ ಇದು.

ಹಲ್ಲಿನ ಮೇಲಿನ ಗಟ್ಟಿ ಹೊದಿಕೆಗೆ ಎನಾಮಲ್ ಅನ್ನುತ್ತಾರೆ. ಮುಂದಿನ ಹಲ್ಲುಗಳ ಎನಾಮಲ್ ತಯಾರಾಗುವುದು ಮಗು ಹುಟ್ಟಿದ ಕೆಲವೇ ತಿಂಗಳಿಂದ ನಾಲ್ಕೈದು ವರ್ಷದ ತನಕ, ವಸಡಿನ ಒಳಗೆ. ಹಿಂದಿನ ಹಲ್ಲುಗಳದು ಸುಮಾರು ಎಂಟು ವರ್ಷದ ತನಕ ನಡೆಯುತ್ತದೆ. ಆ ಕಾಲದಲ್ಲಿ ಫ್ಲೋರೈಡ್ ಜಾಸ್ತಿ ಹೊಟ್ಟೆಗೆ ಹೋದರೆ ಎನಾಮಲ್ ಸರಿಯಾಗಿ ಗಟ್ಟಿಯಾಗುವುದಿಲ್ಲ, ಒಳಗೆ ಕಣ್ಣಿಗೆ ಕಾಣದ ತೂತುಗಳು ಉಳಿಯುತ್ತವೆ. ಹಲ್ಲು ಹುಟ್ಟುವಾಗ ಸುಣ್ಣದ ಬಿಳಿ. ಆಮೇಲೆ ವರ್ಷ ಕಳೆದ ಹಾಗೆ ಆ ತೂತುಗಳಲ್ಲಿ ಬಣ್ಣ ಇಳಿದು ಹಳದಿ, ಕಂದು.

ಇದರಿಂದ ತಿಳಿಯಬೇಕಾದ್ದು ಎರಡು. ಒಂದು, ಕಲೆ ಹಲ್ಲಿನ ಮೇಲೆ ಕೂತಿಲ್ಲ, ಹಲ್ಲಿನ ಒಳಗಿದೆ. ಇದ್ದಿಲು, ಇಟ್ಟಿಗೆ ಪುಡಿ, ಉಪ್ಪು ಹಾಕಿ ತಿಕ್ಕಿದರೆ ಕಲೆ ಹೋಗುವುದಿಲ್ಲ, ಹಲ್ಲು ಸವೆಯುತ್ತದೆ. ಸೋಡಾಪುಡಿಗೆ ನಿಂಬೆರಸ ಹಿಂಡಿ ಉಜ್ಜುವ ವಿದ್ಯೆ ಮೊಬೈಲಿನಲ್ಲಿ ಓಡಾಡುತ್ತಿದೆ. ನಿಂಬೆಯ ಹುಳಿ ಎನಾಮಲನ್ನೇ ಕರಗಿಸುತ್ತದೆ. ಎರಡು, ಇಪ್ಪತ್ತು ವರ್ಷದ ಹುಡುಗಿ ಇವತ್ತಿನಿಂದ ಗಂಗಾಜಲ ಕುಡಿದರೂ ಅವಳ ಹಲ್ಲಿನ ಕಲೆ ಮಾಯವಾಗುವುದಿಲ್ಲ. ಕೆಟ್ಟಿದ್ದು ಅವಳು ತೊಟ್ಟಿಲಲ್ಲಿದ್ದಾಗ.

ಮದ್ದಿಗೆ ಮೆಟ್ಟಿಲುಗಳಿವೆ

ಹಾಗಾದರೆ ದವಾಖಾನೆಯಲ್ಲಿ ಮಾಡುವುದೇನು? ಇಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು. ಮೊದಲ ದಿನವೇ ಮಹಡಿಗೆ ಹಾರಿಸುವವರ ಬಗ್ಗೆ ಹುಷಾರಾಗಿರಬೇಕು.

ಮೊದಲನೆಯದು ಕ್ಲೀನಿಂಗ್. ಹಲ್ಲಿನ ಬುಡದಲ್ಲಿ ಗಾರೆಯ ಹಾಗೆ ಕಟ್ಟಿದ್ದನ್ನು ಮೆಷಿನ್ನಿನಿಂದ ಬಿಡಿಸುತ್ತಾರೆ. ‘ಕ್ಲೀನ್ ಮಾಡಿಸಿದ್ರೆ ಹಲ್ಲು ಅಲ್ಲಾಡ್ತಾವೆ’ ಅನ್ನುವ ಹೆದರಿಕೆ ಊರ ತುಂಬ ಇದೆ. ಅದು ಸುಳ್ಳು. ವಸಡು ಮೊದಲೇ ಸೋತು ಹಲ್ಲು ಸಡಿಲವಾಗಿದ್ದರೆ, ಗಾರೆ ಹೋದಾಗ ಅದು ಗೊತ್ತಾಗುತ್ತದೆ ಅಷ್ಟೇ. ಆದರೆ ಕ್ಲೀನಿಂಗಿನಿಂದ ಫ್ಲೋರೈಡಿನ ಕಲೆ ಹೋಗುವುದಿಲ್ಲ. ಹೋಗುತ್ತದೆ ಅಂತ ಯಾರಾದರೂ ದುಡ್ಡು ತೆಗೆದುಕೊಂಡರೆ ಅದು ಮೋಸ.

ಎರಡನೆಯದು ಬ್ಲೀಚಿಂಗ್. ಪೆರಾಕ್ಸೈಡ್ ಔಷಧ ಹಚ್ಚಿ ಬಣ್ಣ ತಿಳಿ ಮಾಡುವುದು. ಕಲೆ ತೆಳುವಾಗಿದ್ದರೆ ಸುಮಾರಾಗಿ ಕೆಲಸ ಮಾಡುತ್ತದೆ. ಬಿಳಿ ಪಟ್ಟೆಗಳಿದ್ದರೆ ಕೆಲವು ಸಲ ಅವೇ ಇನ್ನೂ ಎದ್ದು ಕಾಣುವುದುಂಟು. ಕೆಲವು ದಿನ ತಣ್ಣೀರು ಕುಡಿದರೆ ಜುಮ್ಮೆನ್ನುತ್ತದೆ. ಬಂದ ಬಿಳುಪು ಜನ್ಮಪೂರ್ತಿ ಇರುವುದಿಲ್ಲ. ಬಸುರಿಯರಿಗೆ ಇದು ಬೇಡ ಅನ್ನುತ್ತಾರೆ ವೈದ್ಯರು.

ಮೂರನೆಯದಕ್ಕೆ ಮೈಕ್ರೋಅಬ್ರೇಷನ್ ಅಂತ ಉದ್ದನೆಯ ಹೆಸರು. ಆ್ಯಸಿಡ್ ಬೆರೆಸಿದ ಪೇಸ್ಟಿನಿಂದ ಎನಾಮಲ್‌ನ ಮೇಲಿನ ತೀರಾ ತೆಳು ಪದರವನ್ನು ಹದವಾಗಿ ಉಜ್ಜಿ ತೆಗೆಯುವುದು. ವಸಡಿಗೆ, ತುಟಿಗೆ ತಗುಲದ ಹಾಗೆ ರಬ್ಬರ್ ಹಾಳೆ ಕಟ್ಟಿ ಮಾಡಬೇಕಾದ ಕೆಲಸ. ಕಂದು ಕಲೆ ಮೇಲ್ಪದರದಲ್ಲೇ ಇದ್ದರೆ ಇದರಿಂದ ಒಳ್ಳೆಯ ಗುಣ ಕಾಣುತ್ತದೆ. ಇದಾದ ಮೇಲೆ ಬ್ಲೀಚಿಂಗ್ ಮಾಡಿದರೆ ಇನ್ನೂ ವಾಸಿ. ಹಲ್ಲು ಹೆಚ್ಚು ಕಡಿಮೆ ಹಾಗೇ ಉಳಿಯುತ್ತದೆ, ಖರ್ಚೂ ಮೇಲಿನ ಮೆಟ್ಟಿಲುಗಳಷ್ಟು ಇಲ್ಲ. ಆದರೆ ಬೋರ್ಡುಗಳಲ್ಲಿ ಇದರ ಹೆಸರು ಕಾಣುವುದೇ ಅಪರೂಪ. ಯಾಕೆ ಅಂತ ಓದುಗರೇ ಊಹಿಸಬಹುದು.

ನಾಲ್ಕನೆಯದು ಬಾಂಡಿಂಗ್. ಹಲ್ಲಿನದೇ ಬಣ್ಣದ ಕಾಂಪೋಸಿಟ್ ಅನ್ನುವ ವಸ್ತುವನ್ನು ಹಲ್ಲಿಗೆ ಅಂಟಿಸಿ, ನೀಲಿ ಬೆಳಕು ಬಿಟ್ಟು ಗಟ್ಟಿ ಮಾಡುವುದು. ಆ್ಯಸಿಡ್ ಹಚ್ಚಿ ಎನಾಮಲ್ ತರಿ ಮಾಡಿದರೆ ಇಂಥ ವಸ್ತು ಕಚ್ಚಿ ಕೂರುತ್ತದೆ ಅಂತ 1955ರಲ್ಲಿ ಮೈಕೆಲ್ ಬುವೊನೊಕೋರ್ ತೋರಿಸಿದ. ಇವತ್ತು ಬಣ್ಣದ ಹಲ್ಲಿನ ಕೆಲಸವೆಲ್ಲ ನಿಂತಿರುವುದು ಆ ವಿದ್ಯೆಯ ಮೇಲೆ. ಗುಳಿ ಬಿದ್ದ ಹಲ್ಲಿಗೆ, ಮೂಲೆ ಮುರಿದ ಹಲ್ಲಿಗೆ, ಹಲ್ಲಿನ ನಡುವೆ ಸಂದು ಇದ್ದವರಿಗೆ ಇದು ಒಳ್ಳೆಯದು. ಕಾಫಿ, ಎಲೆಯಡಿಕೆಗೆ ಬಣ್ಣ ಹಿಡಿಯುತ್ತದೆ, ಚಕ್ಕೆ ಏಳುತ್ತದೆ. ಎದ್ದರೆ ಮತ್ತೆ ಮೆತ್ತಬಹುದು. ಹಲ್ಲು ಕೊರೆಯುವುದು ಕಡಿಮೆ ಅನ್ನುವುದೇ ಇದರ ದೊಡ್ಡ ಗುಣ.

ಐದನೆಯದು ವಿನಿಯರ್. ಪಿಂಗಾಣಿಯ ತೆಳು ಬಿಲ್ಲೆಯನ್ನು ಹಲ್ಲಿನ ಮುಂಭಾಗಕ್ಕೆ ಅಂಟಿಸುವುದು. ಇದನ್ನು ಶುರು ಮಾಡಿದ್ದು 1928ರ ಸುಮಾರಿನಲ್ಲಿ ಕ್ಯಾಲಿಫೋರ್ನಿಯಾದ ಚಾರ್ಲ್ಸ್ ಪಿಂಕಸ್ ಅನ್ನುವ ದಂತವೈದ್ಯ, ಹಾಲಿವುಡ್ ನಟರಿಗೆ. ಶೂಟಿಂಗ್ ಇದ್ದಾಗ ಅಂಟಿಸಿಕೊಂಡು, ಮುಗಿದ ಮೇಲೆ ತೆಗೆದಿಡುವ ಬಿಲ್ಲೆಗಳು ಅವು. ಈಗಿನವು ಹಾಗಲ್ಲ. ಸಾಮಾನ್ಯವಾಗಿ ಅರ್ಧ ಮಿಲಿಮೀಟರ್‌ನಷ್ಟು ಎನಾಮಲ್ ಕೊರೆದು ಕೂರಿಸುತ್ತಾರೆ. ಕೊರೆದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಒಂದೊಂದು ಹಲ್ಲಿಗೂ ಸಾವಿರಗಳ ಲೆಕ್ಕ. ನಕ್ಕರೆ ಕಾಣುವ ಹಲ್ಲು ಆರೋ ಎಂಟೋ.

ಕೊನೆಯದು ಕ್ಯಾಪ್. ಹಲ್ಲನ್ನು ಸುತ್ತ ಕೊರೆದು, ಗೂಟ ಮಾಡಿ, ಮೇಲೆ ಟೋಪಿ ಹಾಕುವುದು. ಮುರಿದ ಹಲ್ಲಿಗೆ, ರೂಟ್ ಕೆನಾಲ್ ಆದ ಹಲ್ಲಿಗೆ, ಫ್ಲೋರೈಡಿನಿಂದ ಪುಡಿಪುಡಿಯಾಗಿ ಉದುರುವ ಹಲ್ಲಿಗೆ ಇದು ಬೇಕು. ಆದರೆ ಬರೀ ಬಣ್ಣ ಕೆಟ್ಟ ಗಟ್ಟಿ ಹಲ್ಲಿಗೆ? ಎಳೇ ವಯಸ್ಸಿನಲ್ಲಿ ಹಲ್ಲಿನ ಒಳಗಿನ ನರ ದಪ್ಪಗಿರುತ್ತದೆ. ಸುತ್ತ ಕೊರೆದರೆ ನರಕ್ಕೆ ಪೆಟ್ಟಾಗುವ ಭಯವಿದೆ. ಆಗ ರೂಟ್ ಕೆನಾಲ್, ಅದಕ್ಕೆ ಮತ್ತೆ ದುಡ್ಡು. ಕ್ಯಾಪೂ ಶಾಶ್ವತವಲ್ಲ. ಹತ್ತು ಹದಿನೈದು ವರ್ಷಕ್ಕೆ ಬದಲಾಯಿಸುವ ಕಾಲ ಬರುತ್ತದೆ ಅಂತ ಇಟ್ಟುಕೊಂಡರೂ, ಇಪ್ಪತ್ತಕ್ಕೆ ಹಾಕಿಸಿದವಳು ಮೂವತ್ತೈದಕ್ಕೆ ಒಮ್ಮೆ, ಐವತ್ತಕ್ಕೆ ಒಮ್ಮೆ ಕುರ್ಚಿಯಲ್ಲಿ ಕೂರಬೇಕು. ಆಗ ದುಡ್ಡು ಕೊಡಲು ಅಪ್ಪ ಇರುವುದಿಲ್ಲ. ಗಂಡನ ಮನೆಯವರು ಕೊಡುತ್ತಾರೋ ಇಲ್ಲವೋ, ಅವರೇ ಹೇಳಬೇಕು.

ಆದ್ದರಿಂದ ಹುಡುಗಿಯನ್ನು ಕರೆದುಕೊಂಡು ಹೋದ ಅಪ್ಪ ಅಮ್ಮ ಕೇಳಬೇಕಾದ ಪ್ರಶ್ನೆ ‘ಎಷ್ಟು ಬೆಳ್ಳಗಾಗ್ತದೆ ಸಾರ್?’ ಅನ್ನುವುದಲ್ಲ. ‘ಹಲ್ಲು ಕೊರೀತೀರಾ? ಎಷ್ಟು ಕೊರೀತೀರಾ? ಕೊರೆಯದೆ ಏನಾದರೂ ಮಾಡಕ್ಕಾಗಲ್ವಾ? ಎಷ್ಟು ವರ್ಷ ಬರ್ತದೆ?’ ಅಂತ ಕೇಳಬೇಕು. ಈ ನಾಲ್ಕು ಪ್ರಶ್ನೆಗೆ ಸಿಡುಕದೆ ಉತ್ತರ ಕೊಡುವವರು ಒಳ್ಳೆಯ ಡಾಕ್ಟರು.

ದುಡ್ಡಿಲ್ಲದವರು ಎಲ್ಲಿ ಹೋಗಬೇಕು? ಕೆಲವರು ಸಂತೆಯಲ್ಲಿ, ಬಸ್‌ಸ್ಟ್ಯಾಂಡ್ ಪಕ್ಕದಲ್ಲಿ ಪೆಟ್ಟಿಗೆ ಇಟ್ಟುಕೊಂಡು ಕೂತ ಹಲ್ಲು ಕಟ್ಟುವವನ ಹತ್ತಿರ ಹೋಗುತ್ತಾರೆ. ಅವನು ಒಂದೇ ಗಳಿಗೆಯಲ್ಲಿ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಕಲಸಿ, ತಂತಿ ಬಿಗಿದು ಹಲ್ಲು ಕೂರಿಸಿ ಕಳಿಸುತ್ತಾನೆ. ಬಿಚ್ಚಿ ತೊಳೆಯುವ ಹಾಗಿಲ್ಲ. ಅದರಡಿ ಅನ್ನದ ಅಗುಳು ಕೊಳೆತು, ವಸಡು ಬಾತು, ಪಕ್ಕದ ಒಳ್ಳೆಯ ಹಲ್ಲೂ ಹೋಗುತ್ತದೆ. ನೋಂದಣಿಯಿಲ್ಲದವರು ಹಲ್ಲಿಗೆ ಕೈ ಹಾಕಬಾರದು ಅಂತ 1948ರಲ್ಲೇ ಕಾಯ್ದೆ ಬಂತು. ಕಾಯ್ದೆ ದಿಲ್ಲಿಯಲ್ಲಿ, ಪೆಟ್ಟಿಗೆ ಸಂತೆಯಲ್ಲಿ.

ಇದು ಶೋಕಿಯಾ?

‘ಇದೆಲ್ಲ ಶೋಕಿ ಕಣ್ರೀ. ಕುಡಿಯೋಕೆ ನೀರಿಲ್ಲದ ಕಡೆ ಹಲ್ಲಿಗೆ ಬಣ್ಣ ಯಾಕೆ?’ ಅನ್ನುವ ಬುದ್ಧಿವಂತರಿದ್ದಾರೆ. ಮಾತಿನಲ್ಲಿ ಅರ್ಧ ಸತ್ಯವಿದೆ. ನೀರೇ ಮೊದಲು. ಫ್ಲೋರೈಡ್ ಹಲ್ಲಿಗೆ ಮಾತ್ರ ಹೊಡೆಯುವುದಿಲ್ಲ. ವರ್ಷಾನುಗಟ್ಟಲೆ ಕುಡಿದವರ ಕೀಲು ಹಿಡಿಯುತ್ತದೆ, ಬೆನ್ನು ಬಾಗುತ್ತದೆ, ಅದಕ್ಕೆ ಮದ್ದೇ ಇಲ್ಲ. ಕಾಯಿಸಿ ಕುಡಿದರೆ ಹೋಗುತ್ತದೆ ಅನ್ನುವುದೂ ತಪ್ಪು. ನೀರು ಆವಿಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ.

ಆದರೆ ಉಳಿದರ್ಧ ಸುಳ್ಳು. ಬೆಂಗಳೂರಿನಲ್ಲಿ ಅಂಗಡಿ ಕೆಲಸಕ್ಕೆ ಇಂಟರ್‌ವ್ಯೂ ಕೊಡಲು ಹೋದ ಹುಡುಗ ಬಾಯಿ ಬಿಚ್ಚಿ ಮಾತಾಡಲು ಹಿಂಜರಿದರೆ ಅದು ಶೋಕಿಯಲ್ಲ. ಕ್ಲಾಸಿನಲ್ಲಿ ಉತ್ತರ ಗೊತ್ತಿದ್ದೂ ಎದ್ದು ನಿಲ್ಲದ ಹುಡುಗಿಯದು ಶೋಕಿಯಲ್ಲ. ಅವಳು ಮಾಡಿದ ತಪ್ಪೇನು? ಸರ್ಕಾರ ಕೊರೆಸಿದ ಬೋರ್‌ವೆಲ್, ಸರ್ಕಾರ ಕಟ್ಟಿಸಿದ ಟ್ಯಾಂಕು, ಪಂಚಾಯ್ತಿ ಬಿಟ್ಟ ನಲ್ಲಿ. ಅದರ ನೀರು ಕುಡಿದಳು. ಉಪ್ಪು ತಿಂದವರು ನೀರು ಕುಡಿಯಬೇಕು ಅನ್ನುತ್ತಾರೆ. ಇಲ್ಲಿ ನೀರು ಕುಡಿದದ್ದಕ್ಕೇ ಶಿಕ್ಷೆ.

ಸಿದ್ದರಾಮಯ್ಯನವರು ಮೊದಲ ಸಲ ಮುಖ್ಯಮಂತ್ರಿಯಾಗಿದ್ದಾಗ ‘ದಂತ ಭಾಗ್ಯ’ ಅಂತ ಒಂದು ಯೋಜನೆ ಬಂತು. ಹಲ್ಲೆಲ್ಲ ಉದುರಿದ ಬಡ ಹಿರಿಯರಿಗೆ ದಂತ ಕಾಲೇಜುಗಳ ಮೂಲಕ ಬಿಟ್ಟಿಯಾಗಿ ಹಲ್ಲಿನ ಸೆಟ್ಟು. ಒಳ್ಳೆಯ ಕೆಲಸ, ಬೇಡ ಅನ್ನುವವರಾರು? ಮುದುಕಪ್ಪ ಕಡ್ಲೆಕಾಯಿ ತಿನ್ನುವಂತಾದರೆ ಕಡ್ಲೆಕಾಯಿ ಬೆಳೆಯುವ ಸೀಮೆಗೂ ಸಂತೋಷವೇ. ಹಲ್ಲು ಹೋದವರಿಗೆ ಹಲ್ಲು ಕೊಡಬಲ್ಲ ಸರ್ಕಾರಕ್ಕೆ, ತಾನೇ ಕೊಟ್ಟ ನೀರಿನಿಂದ ಹಲ್ಲು ಕೆಟ್ಟವರ ನೆನಪೂ ಬರಬೇಕು. ಕಾಲೇಜುಗಳಿವೆ, ಕಲಿಯುವ ಹುಡುಗರಿದ್ದಾರೆ. ತುಮಕೂರಿನಲ್ಲೇ ದಂತ ವೈದ್ಯಕೀಯ ಕಾಲೇಜು ಇದೆ. ತಿಂಗಳಿಗೊಮ್ಮೆ ಪಾವಗಡ, ವೈ.ಎನ್. ಹೊಸಕೋಟೆ, ನಾಗಲಮಡಿಕೆ ಕಡೆ ಗಾಡಿ ಬರಲಿ. ಹದಿನೈದು ದಾಟಿದ ಮಕ್ಕಳ ಹಲ್ಲು ನೋಡಲಿ. ತೆಳು ಕಲೆಗೆ ಮೈಕ್ರೋಅಬ್ರೇಷನ್, ಗುಳಿಗೆ ಬಾಂಡಿಂಗ್. ವಿನಿಯರ್ ಯಾರೂ ಕೇಳುತ್ತಿಲ್ಲ. ಅದು ಗಂಡಿಗೂ ಸಿಗಲಿ, ಹೆಣ್ಣಿಗೂ ಸಿಗಲಿ. ಮದುವೆಗೆ ಅಂತಲ್ಲ, ಬಾಯಿ ತುಂಬ ಮಾತಾಡಲಿ ಅಂತ.

ಅಂಗನವಾಡಿಯಿಂದ ಶುರುವಾಗಲಿ

2025ರ ಜುಲೈನಲ್ಲಿ ತುಂಗಭದ್ರೆಯ ಹಿನ್ನೀರಿನ ಕುಡಿಯುವ ನೀರಿನ ಯೋಜನೆ ಪಾವಗಡದಲ್ಲಿ ಉದ್ಘಾಟನೆಯಾಯಿತು. ಬಿಸಿಲನ್ನು ಕರೆಂಟು ಮಾಡಿ ಊರೂರಿಗೆ ಕಳಿಸುವ ತಾಲ್ಲೂಕಿಗೆ ಹೊಳೆಯ ನೀರು ಬರಲು ಇಷ್ಟು ಕಾಲ ಬೇಕಾಯಿತು. ಭಾಷಣ ಆಯಿತು, ಹಾರ ತುರಾಯಿ ಆಯಿತು. ಈಗ ಉಳಿದಿರುವುದು ಲೆಕ್ಕ. ನೀರು ಪೈಪಿಗೆ ಬಂದರೆ ಸಾಲದು, ಕೊನೆಯ ಹಟ್ಟಿಯ ಕೊನೆಯ ಕೊಡಕ್ಕೂ ಬರಬೇಕು. ಕರೆಂಟು ಹೋದ ದಿನ, ಪೈಪು ಒಡೆದ ದಿನ ವಾಟರ್‌ಮ್ಯಾನ್ ಹಳೇ ಬೋರಿನ ಗೇಟ್ ವಾಲ್ವ್ ತಿರುಗಿಸುತ್ತಾನೆ ಅನ್ನುವುದು ಊರಿನವರಿಗೆಲ್ಲ ಗೊತ್ತಿರುವ ಗುಟ್ಟು. ಫಿಲ್ಟರ್ ನೀರಿನ ಘಟಕಗಳ ಕತೆಯೂ ಹಾಗೇ. ಕಾಯಿನ್ ಹಾಕಿ ಕ್ಯಾನು ತುಂಬಿಕೊಂಡು ಬಂದವರು ಕುಡಿಯುವುದಕ್ಕೆ ಅದನ್ನು ಇಟ್ಟು, ಅನ್ನ ಸಾರಿಗೆ ಬೋರಿನ ನೀರನ್ನೇ ಹಾಕುತ್ತಾರೆ. ಅಡಿಗೆಯ ಮೂಲಕ ಒಳಗೆ ಹೋದರೂ ಫ್ಲೋರೈಡ್ ಫ್ಲೋರೈಡೇ.

ಎಲ್ಲ ಕಡೆ ಒಂದೇ ಸಲ ಆಗದಿದ್ದರೆ ಎಂಟು ವರ್ಷದೊಳಗಿನ ಮಕ್ಕಳಿಂದ ಶುರು ಮಾಡಲಿ. ಅವರ ಹಲ್ಲು ಈಗ ವಸಡಿನೊಳಗೆ ತಯಾರಾಗುತ್ತಿದೆ. ಅಂಗನವಾಡಿಯ ಮಗು ಯಾವ ನೀರು ಕುಡಿಯುತ್ತದೆ, ಅದರ ಅನ್ನ ಯಾವ ನೀರಲ್ಲಿ ಬೇಯುತ್ತದೆ, ಅದರಲ್ಲಿ ಫ್ಲೋರೈಡ್ ಎಷ್ಟು ಅಂತ ಪರೀಕ್ಷೆ ಮಾಡಿ ಬಾಗಿಲ ಮೇಲೆ ಬರೆದು ಹಾಕಲಿ. ಬರೀ ಒಂದು ಅಂಕಿ ಸಾಕು. ಅಮ್ಮಂದಿರು ಅದನ್ನು ಓದಿ ಪಂಚಾಯ್ತಿ ಅಧ್ಯಕ್ಷರನ್ನು ಕೇಳುವುದನ್ನು ಕಲಿಯುತ್ತಾರೆ. ಸಣ್ಣ ಮಕ್ಕಳಿಗೆ ಟೂತ್‌ಪೇಸ್ಟ್ ಬಟಾಣಿ ಕಾಳಿಗಿಂತ ಜಾಸ್ತಿ ಹಾಕಬಾರದು, ನುಂಗಬಾರದು ಅನ್ನುವುದನ್ನೂ ಅಲ್ಲೇ ಹೇಳಿಕೊಡಬಹುದು.

ಅಂಗನವಾಡಿಯ ಕೂಸುಗಳಿಗೆ ಒಳ್ಳೆಯ ನೀರು, ಅವರ ಅಕ್ಕಂದಿರಿಗೆ ಸರಿಯಾದ ಚಿಕಿತ್ಸೆ. ಎರಡೂ ಬೇಕು. ಒಂದು ತೋರಿಸಿ ಇನ್ನೊಂದನ್ನು ಮರೆಸುವ ಆಟ ಬೇಡ.

ಇನ್ನು ಹೆಣ್ಣು ನೋಡಲು ಹೋಗುವ ಮಹನೀಯರಿಗೆ ಒಂದು ಮಾತು. ಹುಡುಗಿಯ ಹಲ್ಲಿನ ಕಲೆ ರಕ್ತದಲ್ಲಿ ಬಂದದ್ದಲ್ಲ, ಅಂಟುಜಾಡ್ಯವಲ್ಲ, ಅವಳ ಹೊಟ್ಟೆಯಲ್ಲಿ ಹುಟ್ಟುವ ಮಗುವಿಗೆ ಬಳುವಳಿಯಾಗಿ ಹೋಗುವುದೂ ಇಲ್ಲ. ಆ ಮಗುವಿನ ಹಲ್ಲು ಹೇಗಿರುತ್ತದೆ ಅನ್ನುವುದು ನಿಮ್ಮ ಊರ ನಲ್ಲಿಯ ನೀರಿಗೆ ಸೇರಿದ್ದು. ಕಾಫಿ ಕುಡಿದು ಎದ್ದು ಬರುವ ಮುಂಚೆ, ನಿಮ್ಮ ಮನೆಯ ನೀರನ್ನು ಯಾವತ್ತಾದರೂ ಪರೀಕ್ಷೆ ಮಾಡಿಸಿದ್ದೀರಾ ಅಂತ ಹುಡುಗಿಯ ಕಡೆಯವರು ಕೇಳಲಿ. ಉತ್ತರ ಬರುವ ತನಕ ತಾಂಬೂಲ ಕೊಡುವುದು ಬೇಡ.